ಐವತ್ತಮೂರನೆಯ ಕುಂಡ

ಗಾಜಿನ ಮನೆಯ ಪಕ್ಕದ ಕೋಣೆ,
ಮಾರ್ಚ್ ೧೪, ಮಂಗಳವಾರ, ಬೆಳಗಿನ ಎಂಟು ಗಂಟೆ

ಪ್ರೀತಿಯ ಮಗಳೇ,

ಹೇಗಿದ್ದೀಯ? ಮೊದಲು ‘ಸೊಸೆಗೆ’ ಎಂದು ಬರೆದಿದ್ದೆ. ಯಾಕೋ ನೋಟಿಸು ಬರೆದ ಹಾಗೆ ಕಂಡಿತು, ಆ ಹಾಳೆ ಹರಿದು ಹಾಕಿ ಇದನ್ನು ತೆಗೆದುಕೊಂಡೆ. ಚಳಿ ಬಂದಾಗಲೆಲ್ಲ ನಿನ್ನನ್ನು ಹಿಡಿಯುವ ಒಣಕೆಮ್ಮು ಈ ವರ್ಷವೂ ಬಂತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಇಲ್ಲ ಕೈಗೆತ್ತಿಕೊಂಡ ಕೆಲಸ ಮುಗಿಯಲಿ ಎಂದು ತಟ್ಟೆ ಮುಚ್ಚಿಟ್ಟು ಕೂರುತ್ತೀಯೋ? ಅಲ್ಲಿನ ಉದ್ಯಾನದಲ್ಲಿ ನಿನ್ನನ್ನು ಗುಲಾಬಿ ಕಡ್ಡಿ ನೆಡಲು ಹಾಕಿದ್ದಾರೆಂದು ಗುಬ್ಬಿ ಹೇಳಿದಳು. ನೀನು ಅವಳಿಗೆ ಫೋನ್ ಮಾಡುತ್ತೀಯ, ನನಗೆ ಮಾಡುವುದಿಲ್ಲ ಎಂಬುದು ನನಗೆ ಗೊತ್ತು. ನಾನು ನಿನ್ನ ಜಾಗದಲ್ಲಿದ್ದರೆ ನಾನೂ ಮಾಡುತ್ತಿರಲಿಲ್ಲ. ಗುಲಾಬಿಯ ಮುಳ್ಳು ಗೀರಿದರೆ ಉಡಾಫೆ ಮಾಡಬೇಡ. ಧನುರ್ವಾಯುವಿನ ಇಂಜೆಕ್ಷನ್ ಹಾಕಿಸಿಕೊಂಡಿದ್ದೀಯ? ಇಲ್ಲದಿದ್ದರೆ ಈ ಪತ್ರ ಪೂರ್ತಿ ಓದುವ ಮೊದಲು ಎದ್ದು ಹೋಗಿ ಹಾಕಿಸಿಕೊಂಡು ಬಾ, ಪತ್ರ ಎಲ್ಲಿಗೂ ಓಡಿಹೋಗುವುದಿಲ್ಲ. ನಾನು ಹಾಕಿಸಿಕೊಂಡೆ. ಎರಡು ದಿನ ತೋಳು ಊದಿಕೊಂಡಿತ್ತು, ಆಮೇಲೆ ಸರಿಹೋಯಿತು. ಮಂಡಿನೋವು ಇದ್ದ ಹಾಗೇ ಇದೆ. ಸಿಟ್ಟು ಮಾತ್ರ ಸ್ವಲ್ಪ ಇಳಿದಿದೆ ಎಂದು ಗುಬ್ಬಿಯ ಅಭಿಪ್ರಾಯ. ಕುಂಡ ತೊಳೆಯುತ್ತಾ ದಿನವಿಡೀ ಚಿಲಿಪಿಲಿ ಎನ್ನುವವಳ ಸರ್ಟಿಫಿಕೇಟು, ಎಷ್ಟು ನಂಬಬೇಕೋ ನಿನಗೇ ಗೊತ್ತು.

ಬೆಳಗಿನ ಈ ಹೊತ್ತು ಗಾಜಿನ ಮನೆ ಹೇಗಿರುತ್ತದೆಂದು ನಿನಗೆ ಹೇಳಬೇಕಾಗಿಲ್ಲ. ರಾತ್ರಿಯ ತೇವವೆಲ್ಲ ಗಾಜಿನ ಒಳಗಡೆ ಕೂತಿದೆ. ಹೊರಗಿನ ರಸ್ತೆ, ಎದುರಿನ ಗೋದಾಮು, ಸೈಕಲ್ ತುಳಿದು ಕೆಲಸಕ್ಕೆ ಹೋಗುವವರು, ಎಲ್ಲ ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಕಾಣುತ್ತಿದೆ. ಹನಿಯೊಂದು ಜಾರಿ ಕೆಳಗಿಳಿದಾಗ ಆ ಗೆರೆಯಲ್ಲಿ ಮಾತ್ರ ಹೊರಗಿನದು ಒಂದಿಷ್ಟು ಸ್ಪಷ್ಟವಾಗುತ್ತದೆ, ಮತ್ತೆ ಮುಚ್ಚಿಕೊಳ್ಳುತ್ತದೆ. ನನ್ನ ಮಗ ಚಿಕ್ಕವನಿದ್ದಾಗ ಆ ಗೆರೆಗಳಿಗೆ ಕಣ್ಣು ಹಚ್ಚಿ ಗಂಟೆಗಟ್ಟಲೆ ನಿಲ್ಲುತ್ತಿದ್ದ. ಗಾಜಿಗೆ ಮೂಗು ಒರೆಸಬೇಡ, ಹೋಗಿ ಕೈ ತೊಳಿ ಎಂದು ನಾನು ಆಗಲೂ ಗದರುತ್ತಿದ್ದೆ. ದೊಡ್ಡವನಾದ ಮೇಲೆ ಅವನೇ ನನಗೆ ಸೋಪಮ್ಮ ಎಂದು ಹೆಸರಿಟ್ಟ. ನೀನು ಮದುವೆಯಾಗಿ ಬಂದ ವಾರದಲ್ಲೇ ಆ ಹೆಸರು ಕಲಿತೆ, ಎದುರಿಗೆ ಮಾತ್ರ ಅತ್ತೆ ಎನ್ನುತ್ತಿದ್ದೆ. ನನ್ನ ಕಿವಿಗೆ ಚೆನ್ನಾಗಿಯೇ ಕೇಳಿಸುತ್ತದೆ ಕಣೇ. ಹಿತ್ತಲ ಬಾಗಿಲ ಪಕ್ಕದಲ್ಲಿ ಆ ನಲ್ಲಿ, ನಲ್ಲಿಯ ಕುತ್ತಿಗೆಗೆ ದಾರದಲ್ಲಿ ಕಟ್ಟಿದ ಸೋಪು. ಅಲ್ಲಿ ಕೈ ತೊಳೆಯದೆ ಹೊಸ್ತಿಲು ದಾಟಿದವರು ಈ ಮನೆಯಲ್ಲಿ ಒಬ್ಬರೂ ಇರಲಿಲ್ಲ.

ನಿನಗೆ ಒಂದು ಸುದ್ದಿ ಹೇಳಬೇಕು. ಸುದ್ದಿ ಸಸಿಗಳದು, ಆದರೆ ಅದಕ್ಕೆ ಹಿಂದಿನದನ್ನೆಲ್ಲ ಸ್ವಲ್ಪ ಕೆದಕಬೇಕಾಗುತ್ತದೆ, ಸಹಿಸಿಕೊ. ಅವನು ಹೋಗಿ ಈ ತಿಂಗಳಿಗೆ ಎರಡು ವರ್ಷ ಒಂಬತ್ತು ತಿಂಗಳು. ಕುಂಡಗಳ ಕಂತೆಗೆ ಬಿಗಿದಿದ್ದ ತುಕ್ಕು ತಂತಿ ಅಂಗೈಗೆ ಗೀರಿತು, ಒಂಬತ್ತನೆಯ ದಿನ ದವಡೆ ಬಿಗಿಯಿತು, ಹದಿಮೂರನೆಯ ದಿನ ಅವನಿಲ್ಲ. ಆಸ್ಪತ್ರೆಯ ಓಣಿಯಲ್ಲಿ ನಿಂತು ಡಾಕ್ಟರು ಏನೇನೋ ಹೇಳಿದರು, ನನ್ನ ತಲೆಯಲ್ಲಿ ಉಳಿದದ್ದು ಒಂದೇ. ‘ಆ ಕ್ರಿಮಿ ಮಣ್ಣಲ್ಲಿರುತ್ತೆ.’ ಮೂವತ್ತು ವರ್ಷ ನಮಗೆ ಅನ್ನ ಹಾಕಿದ ಮಣ್ಣು. ಅವತ್ತಿನಿಂದ ಅದನ್ನು ಕಂಡರೆ ನನಗಾಗುತ್ತಿರಲಿಲ್ಲ. ಬೇರೆ ಕಸುಬು ಗೊತ್ತಿಲ್ಲ, ಇದನ್ನು ಬಿಟ್ಟು ಹೋಗುವುದೆಲ್ಲಿಗೆ? ಅದಕ್ಕೇ ಹಬೆ ಪೆಟ್ಟಿಗೆ ತರಿಸಿದೆ. ಕಬ್ಬಿಣದ ಆ ಪೆಟ್ಟಿಗೆಗೆ ಮಣ್ಣು ಸುರಿದು, ಬಾಯ್ಲರಿನ ಹಬೆ ಬಿಟ್ಟು, ಒಂದು ಗಂಟೆ ಬೇಯಿಸಿ, ಆರಿಸಿ, ಆಮೇಲೆಯೇ ಕುಂಡಕ್ಕೆ. ಸಸಿಗೆ ರೋಗ ಬರಬಾರದೆಂದು ಬೇಯಿಸುತ್ತೇನೆ ಎಂದು ಎಲ್ಲರಿಗೂ ಹೇಳಿದೆ. ನಿಜ ಏನೆಂದರೆ ಪೆಟ್ಟಿಗೆಯ ಪಕ್ಕದಲ್ಲಿ ನಿಂತು, ಬೇಯಲಿ, ಎಲ್ಲ ಸಾಯಲಿ, ಒಂದೂ ಉಳಿಯದಿರಲಿ ಎಂದು ಹಲ್ಲು ಕಚ್ಚಿಕೊಂಡು ಅನ್ನುತ್ತಿದ್ದೆ. ಆ ಹಬೆಯ ಬಿಸಿಯಲ್ಲಿ ಅತ್ತರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಆ ಎರಡು ವರ್ಷ ಸಸಿಗಳು ಎಷ್ಟು ಚೆನ್ನಾಗಿ ಬಂದವು, ನೆನಪಿದೆಯಲ್ಲ? ಕಿತ್ತಳೆ, ನಿಂಬೆ, ಯಾವುದನ್ನು ನೋಡಿದರೂ ಎಣ್ಣೆ ಸವರಿದಂಥ ಎಲೆ. ತೋಟದವರು ಸಸಿ ಕೇಳಲು ಬಂದರೆ ಮೊದಲು ಅವರನ್ನು ಹಬೆ ಪೆಟ್ಟಿಗೆಯ ಮುಂದೆ ನಿಲ್ಲಿಸಿ ಭಾಷಣ ಬಿಗಿಯುತ್ತಿದ್ದೆ. ಶುದ್ಧ ಮಣ್ಣು, ಒಂದು ಹುಳ ಇಲ್ಲ, ಒಂದು ಬೂಷ್ಟು ಇಲ್ಲ, ಅದಕ್ಕೇ ಈ ಎಲೆ ನೋಡಿ ಎನ್ನುತ್ತಿದ್ದೆ. ನೀನು ನನ್ನ ಹಿಂದೆಯೇ ಮೇಜಿಗೆ ಕೂತು, ತಲೆ ತಗ್ಗಿಸಿಕೊಂಡು ಕುಂಡ ತುಂಬುತ್ತಿದ್ದೆ. ಒಂದು ಸಲವೂ ಬಾಯಿ ಬಿಡಲಿಲ್ಲ. ಈಗ ಅದನ್ನು ನೆನೆದರೆ ನನ್ನ ಕಿವಿ ಬಿಸಿಯಾಗುತ್ತದೆ.

ಆಮೇಲೆ ಕಳೆದ ಜೂನಿನ ಆ ಮಧ್ಯಾಹ್ನ. ಹಳೆಯ ಸಸಿಗಳೆಲ್ಲ ಹೋಗಿ ಗಾಜಿನ ಮನೆ ಖಾಲಿಯಾಗಿತ್ತು, ಹೊಸ ಕಿತ್ತಳೆ ಸಸಿಗಳನ್ನು ಕುಂಡಕ್ಕೆ ಹಾಕುವ ಕೆಲಸ ಶುರುವಾಗಿತ್ತು. ಹನ್ನೆರಡು ಸಾಲು, ಸಾಲಿಗೆ ನೂರು. ನೀನು ಬೆಳಿಗ್ಗೆಯಿಂದ ಮೊದಲ ಸಾಲಿಗೆ ಕೂತಿದ್ದೆ. ನಾನು ಎಂದಿನ ಹಾಗೆ ಬಾಯ್ಲರ್ ಹತ್ತಿರ ಇರಬೇಕಾದವಳು, ಕನ್ನಡಕ ಮರೆತಿದ್ದೇನೆಂದು ಒಳಗೆ ಬಂದೆ. ನೋಡಿದರೆ ನಿನ್ನ ಮಡಿಲಲ್ಲಿ ಹಂಸದ ಚಿತ್ರದ ಹಳೆಯ ಬಿಸ್ಕತ್ತಿನ ಡಬ್ಬಿ, ಅದರ ತುಂಬ ಬೇಯಿಸದ ಕಪ್ಪು ಮಣ್ಣು, ಸಣ್ಣಗೆ ಕತ್ತರಿಸಿದ ಹಳೆಯ ಗಿಡಗಳ ಬೇರು. ಕೈಗವಸಿಲ್ಲ. ಒಂದೊಂದು ಕುಂಡಕ್ಕೂ ಒಂದೊಂದು ಚಿಟಿಕೆ. ‘ಜೊತೆ ಹಾಕ್ತಿದ್ದೀನಿ ಅತ್ತೆ, ನಮ್ಮಮ್ಮ ಹಿಂಗೇ ಹಾಕ್ತಿದ್ರು’ ಎಂದೆ ನೀನು. ಆ ಮಾತು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ನನ್ನ ಕಣ್ಣು ಇದ್ದದ್ದು ನಿನ್ನ ತೋರುಬೆರಳಿನ ಮೇಲೆ. ಅಲ್ಲೊಂದು ಹೊಸ ಗೀರು, ಅದರ ತುಂಬ ಮಣ್ಣು.

ಹೆದರಿದೆ ಎಂದು ಹೇಳಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ನಾನು ಡಬ್ಬಿ ಕಿತ್ತುಕೊಂಡು ಹೋಗಿ ಮಣ್ಣಿನ ಸಮೇತ ಹಬೆ ಪೆಟ್ಟಿಗೆಗೆ ಎಸೆದೆ, ವಾಪಸು ಬಂದು ಹೇಳಬಾರದ್ದನ್ನು ಹೇಳಿದೆ. ‘ನಿನ್ನ ಈ ಕೊಳಕು ಕೈಯಿಂದಲೇ ನನ್ನ ಮಗ ಹೋದ.’ ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಆದರೆ ಆಡುವಾಗ ನಿಲ್ಲದ್ದು ಬರೆಯುವಾಗ ನಿಂತರೆ ಏನು ಬಂತು? ನೀನು ಕೈಯಲ್ಲಿದ್ದ ಕುಂಡವನ್ನು ಮೆಲ್ಲಗೆ ಮೇಜಿನ ಮೇಲಿಟ್ಟೆ. ನಲ್ಲಿಯ ಹತ್ತಿರ ಹೋಗಿ ಬಹಳ ಹೊತ್ತು ಕೈ ತೊಳೆದೆ. ನಾಲ್ಕನೆಯ ದಿನ ನಿನ್ನ ಪೆಟ್ಟಿಗೆ ಬಾಗಿಲಲ್ಲಿತ್ತು, ಬರ್ತೀನಿ ಅತ್ತೆ ಎಂದೆ, ನಾನು ತಲೆ ಎತ್ತಲಿಲ್ಲ. ಮೇಜಿನ ಮೇಲೆ ನೀನು ಇಟ್ಟು ಹೋದ ಕುಂಡದಿಂದ ಮುಂದಕ್ಕೆ ಹನ್ನೆರಡು ಸಾಲನ್ನೂ ನಾನೇ, ಮೊಣಕೈವರೆಗೆ ಕೈಗವಸು ಹಾಕಿಕೊಂಡು, ಬೆಂದ ಮಣ್ಣಿನಿಂದ ತುಂಬಿ ಮುಗಿಸಿದೆ.

ಆಗಸ್ಟ್ ಹೊತ್ತಿಗೆ ಸಸಿಗಳು ನಿಂತುಬಿಟ್ಟವು. ಸಾಯಲಿಲ್ಲ, ಬೆಳೆಯಲೂ ಇಲ್ಲ. ಎಲೆಗೆ ಮಂಕು ಕವಿದು ಹಳೆಯ ಕಂಚಿನ ಪಾತ್ರೆಯ ಬಣ್ಣ ಬಂತು. ನಾನು ಸುಮ್ಮನಿರುವವಳೇ? ಮೊದಲು ನೀರಿನ ತಪ್ಪು ಎಂದೆ. ಆಮೇಲೆ ಬಿಸಿಲಿನ ತಪ್ಪು ಎಂದು ಗಾಜಿನ ಮೇಲೆ ಪರದೆ ಎಳೆಸಿದೆ, ಪರದೆಯ ತಪ್ಪು ಎಂದು ತೆಗೆಸಿದೆ. ಗುಬ್ಬಿ ಕುಂಡ ಸರಿಯಾಗಿ ತೊಳೆದಿಲ್ಲವೆಂದು ಅವಳ ಮೇಲೆ ಹಾರಾಡಿದೆ. ಅವಳು ಮೂರು ದಿನ ನನ್ನ ಹತ್ತಿರ ಮಾತು ಬಿಟ್ಟಳು, ಅವಳ ಪಾಲಿಗೆ ಅದೊಂದು ದಾಖಲೆ. ಗೊಬ್ಬರ ಹಾಕಿದೆ. ಸಸಿಗಳು ಸ್ವಲ್ಪ ಕಣ್ಣು ಬಿಟ್ಟ ಹಾಗೆ ಮಾಡಿ ಮತ್ತೆ ಮಲಗಿದವು. ಕೈ ತೊಳೆದುಕೊಂಡು ಅವುಗಳ ಹಿಂದೆ ಬಿದ್ದೆ, ಮಣ್ಣನ್ನು ಒಂದು ಗಂಟೆಯ ಬದಲು ಎರಡು ಗಂಟೆ ಬೇಯಿಸಿ ಮೇಲೆ ಹಾಕಿಸಿದೆ. ಗೊತ್ತಿಲ್ಲದವರ ಬುದ್ಧಿ ಹೀಗೆಯೇ, ಮಾಡಿದ್ದನ್ನೇ ಇನ್ನಷ್ಟು ಜೋರಾಗಿ ಮಾಡುತ್ತೇವೆ.

ಅಕ್ಟೋಬರಿನ ಒಂದು ಮಧ್ಯಾಹ್ನ ಊಟವಾದ ಮೇಲೆ ಖಾಲಿ ಗೋಣಿಚೀಲಗಳ ಮೇಲೆ ಒರಗಿದ್ದೆ. ಒಳಗೆ ಬೆಚ್ಚಗೆ ತೇವ, ಮೇಲಿನಿಂದ ಎಲ್ಲೋ ಒಂದೊಂದು ಹನಿ ಬೀಳುವ ಸದ್ದು, ಅರ್ಧ ನಿದ್ದೆ. ನೆಲದ ಮಟ್ಟದಿಂದ ನಾನು ಯಾವತ್ತೂ ಆ ಸಾಲುಗಳನ್ನು ನೋಡಿರಲಿಲ್ಲ, ಯಾವಾಗಲೂ ನಿಂತು ಮೇಲಿನಿಂದಲೇ ನೋಡುವುದು, ತಪ್ಪು ಹುಡುಕುವುದು. ಮೊದಲ ಸಾಲು ಅವತ್ತು ಕಣ್ಣಿನ ನೇರಕ್ಕೆ ಬಂತು. ಆ ಸಾಲಿನಲ್ಲಿ ಒಂದು ಮೆಟ್ಟಿಲಿತ್ತು. ಈ ತುದಿಯಿಂದ ಅರ್ಧದವರೆಗೆ ಸಸಿಗಳು ಮೊಣಕಾಲೆತ್ತರ, ಹಸಿರು, ಎಲೆ ಎಲೆಯೂ ಹೊಳೆಯುತ್ತಿದೆ. ಅಲ್ಲಿಂದ ಥಟ್ಟನೆ ಇಳಿದು ಗೇಣುದ್ದವೂ ಇಲ್ಲದ ಕಂಚುಬಣ್ಣದವು, ಆ ತುದಿಯವರೆಗೆ. ಕನಸಿರಬೇಕು ಎಂದುಕೊಂಡು ಸ್ವಲ್ಪ ಹೊತ್ತು ಹಾಗೇ ಮಲಗಿದ್ದೆ. ಆಮೇಲೆ ಎದ್ದು ಮಂಡಿ ಹಿಡಿದುಕೊಂಡು ಎಣಿಸಿದೆ. ಮೂರು ಸಲ ಎಣಿಸಿದೆ. ಐವತ್ತೆರಡು.

ಐವತ್ತಮೂರನೆಯ ಕುಂಡ ಯಾವುದೆಂದು ನನಗೆ ಗೊತ್ತಿತ್ತು. ಅದರ ಅಂಚಿನಲ್ಲಿ ಒಂದು ಸಣ್ಣ ಚಕ್ಕೆ ಹಾರಿದೆ. ಅವತ್ತು ನಾನು ಕೂಗಿದಾಗ ನಿನ್ನ ಕೈಯಲ್ಲಿದ್ದದ್ದು ಅದೇ. ನಿನ್ನ ಚಿಟಿಕೆ ಬಿದ್ದಲ್ಲಿಯವರೆಗೆ ಹಸಿರು, ನನ್ನ ಬಾಯಿ ಬಿದ್ದಲ್ಲಿಂದ ಕಂಚು. ಅಷ್ಟು ಅಚ್ಚುಕಟ್ಟಾಗಿ ಗೆರೆ ಎಳೆದು ತೋರಿಸಿದರೆ ಎಂಥ ಮೊಂಡು ಮುದುಕಿಗೂ ಅರ್ಥವಾಗುತ್ತದೆ. ಆದರೂ ನಾನು ಅದನ್ನು ಒಪ್ಪಲು ಇನ್ನೂ ಒಂದು ತಿಂಗಳು ಹಿಡಿಯಿತು.

ನವೆಂಬರಿನಲ್ಲಿ ಬೇರು ನೋಡುವ ಮೇಡಂ ಒಬ್ಬರನ್ನು ಕರೆಸಿದೆ. ಸಸಿ ಪರೀಕ್ಷೆಯ ಕಚೇರಿಯವರು, ತೆಳ್ಳಗೆ, ಮಾತು ಕಡಿಮೆ, ಕೆಲಸ ಮಾಡುವಾಗ ಮೂಗಿನಲ್ಲೇ ಏನೋ ಗುನುಗುತ್ತಾರೆ. ಕೂಸನ್ನು ಎತ್ತಿಕೊಂಡ ಹಾಗೆ ಎದೆಗವಚಿಕೊಂಡು ತಂದ ಮರದ ಪೆಟ್ಟಿಗೆಯಲ್ಲಿ ಸೂಕ್ಷ್ಮದರ್ಶಕ. ಐವತ್ತೆರಡನೆಯದರಿಂದ ನಾಲ್ಕು ಎಳೆ ಬೇರು, ಐವತ್ತಮೂರನೆಯದರಿಂದ ನಾಲ್ಕು ಎಳೆ ತೆಗೆದು ತೊಳೆದು, ಯಾವುದೋ ಕ್ಷಾರದ ದ್ರಾವಣದಲ್ಲಿ ಕುದಿಸಿ ಬಿಳಿಚಿಸಿದರು. ಆಮೇಲೆ ಬಣ್ಣಕ್ಕೆ ಏನು ಹಾಕಿದರು ಗೊತ್ತೇ? ಪೆನ್ನಿನ ನೀಲಿ ಶಾಯಿ, ಅದಕ್ಕೆ ವಿನೆಗರ್. ಬಚ್ಚಲಿನ ಗೋಡೆಯ ಬೂಷ್ಟು ತೆಗೆಯಲು ನಾನು ಮೂವತ್ತು ವರ್ಷದಿಂದ ಉಜ್ಜುತ್ತಿರುವ ಅದೇ ವಿನೆಗರ್, ನಮ್ಮ ಅಡುಗೆಮನೆಯಿಂದಲೇ ಕೊಟ್ಟೆ. ಶಾಯಿಯ ಬಾಟಲಿ ಅವರು ಇಲ್ಲೇ ಮರೆತು ಹೋದರು. ಈ ಪತ್ರ ಬರೆಯುತ್ತಿರುವುದು ಅದರಲ್ಲೇ.

ಮೊದಲು ಐವತ್ತಮೂರನೆಯದನ್ನು ನೋಡಲು ಹೇಳಿದರು. ಒಂದು ಕಣ್ಣು ಮುಚ್ಚಿ ನೋಡಿದೆ. ತಿಳಿ ಬಣ್ಣದ ಬೇರು, ಒಳಗೆ ಇಟ್ಟಿಗೆ ಜೋಡಿಸಿದ ಹಾಗೆ ಕೋಣೆ ಪಕ್ಕ ಕೋಣೆ, ಕೋಣೆಗಳೆಲ್ಲ ಖಾಲಿ. ಎಷ್ಟು ಚೊಕ್ಕಟವಾಗಿತ್ತೆಂದರೆ ನನಗೆ ನಮ್ಮ ಮನೆಯೇ ನೆನಪಾಯಿತು, ನೀನು ಹೋದ ಮೇಲಿನ ಮನೆ. ಆಮೇಲೆ ಐವತ್ತೆರಡನೆಯದು. ಮಗಳೇ, ಅದನ್ನು ಹೇಗೆ ಹೇಳಲಿ? ಬೇರಿನ ಉದ್ದಕ್ಕೂ ನೀಲಿ ಎಳೆಗಳು, ನೀನು ಸೆರಗಿನ ಅಂಚಿಗೆ ಹಾಕುವ ಹೊಲಿಗೆಗಿಂತ ಸಣ್ಣವು, ಗೋಡೆಗಳ ನಡುವೆ ತೂರಿಕೊಂಡು ಹೋಗುತ್ತಿವೆ. ಅಲ್ಲಲ್ಲಿ ಮೊಟ್ಟೆಯಂಥ ಗುಂಡನೆಯ ಚೀಲಗಳು. ಮತ್ತೆ ಕೆಲವು ಕೋಣೆಗಳ ಒಳಗೆ, ಒಂದೊಂದರಲ್ಲೂ ಒಂದೊಂದು ಪುಟ್ಟ ನೀಲಿ ಮರ. ಕೊಂಬೆ, ಕೊಂಬೆಗೆ ಕವಲು, ಕವಲಿಗೆ ಇನ್ನೂ ಸಣ್ಣ ಕವಲು. ಗಿಡದ ಬೇರಿನೊಳಗೆ ಇನ್ನೊಂದು ಮರ ನಿಂತಿದೆ. ಮೇಡಂ ಗುನುಗುವುದನ್ನು ನಿಲ್ಲಿಸಿದ್ದರು. ನಾನು ಕಣ್ಣು ತೆಗೆಯಲೇ ಇಲ್ಲ, ಕುತ್ತಿಗೆ ಹಿಡಿದುಕೊಂಡದ್ದು ಸಂಜೆ ಗೊತ್ತಾಯಿತು.

ಅದು ಶಿಲೀಂಧ್ರ ಎಂದರು ಅವರು. ನಮ್ಮ ಮಾತಿನಲ್ಲಿ ಬೂಷ್ಟಿನ ಬಳಗ. ನನ್ನ ಮುಖ ನೋಡಿ ನಕ್ಕು, ಇದು ಬಚ್ಚಲಿನದಲ್ಲ ಎಂದರು. ಬೇರಿನ ಕೈ ಗಿಡ್ಡವಂತೆ. ಗಿಡಕ್ಕೆ ಬೇಕಾದ ರಂಜಕ ಮಣ್ಣಿನಲ್ಲಿ ತಾನಾಗಿ ನಡೆದು ಬರುವುದಿಲ್ಲವಂತೆ, ಬೇರು ತನ್ನ ಸುತ್ತ ಇದ್ದದ್ದನ್ನು ಎಳೆದುಕೊಂಡ ಮೇಲೆ ಪಕ್ಕದಲ್ಲೇ ಇದ್ದರೂ ಕೈಗೆಟಕುವುದಿಲ್ಲ. ಈ ಎಳೆಗಳು ಬೇರು ಹೋಗಲಾಗದ ಸಂದಿಗೆಲ್ಲ ಹೋಗಿ, ರಂಜಕವನ್ನೂ ಒಂದಿಷ್ಟು ನೀರನ್ನೂ ಹೊತ್ತು ತಂದು, ಆ ಪುಟ್ಟ ಮರಗಳ ತುದಿಯಲ್ಲಿ ಗಿಡಕ್ಕೆ ಕೊಡುತ್ತವೆ. ಗಿಡ ಬಿಸಿಲಿನಲ್ಲಿ ಮಾಡಿದ ಸಕ್ಕರೆಯನ್ನು ಅಲ್ಲಿಯೇ ಅವಕ್ಕೆ ಕೊಡುತ್ತದೆ. ಅದಿಲ್ಲದೆ ಇದಕ್ಕೆ ಬೆಳೆಯಲಾಗದು, ಇದಿಲ್ಲದೆ ಅದಕ್ಕೆ ಬದುಕಲಾಗದು. ಕಿತ್ತಳೆ ಜಾತಿಗಂತೂ ಈ ಸಹವಾಸ ಬೇಕೇ ಬೇಕಂತೆ. ಹಬೆಯನ್ನು ಅವರು ಬಯ್ಯಲಿಲ್ಲ. ರೋಗಕ್ಕೆ ಹೆದರಿ ಬೇಯಿಸುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಕೆಟ್ಟದ್ದರ ಜೊತೆ ಒಳ್ಳೆಯದೂ ಬೆಂದುಹೋಗುತ್ತದೆ, ಆಮೇಲೆ ಒಳ್ಳೆಯದನ್ನು ತಂದು ಒಂದು ಚಿಟಿಕೆಯಾದರೂ ಹಾಕಬೇಕು, ಹಾಲಿಗೆ ಹೆಪ್ಪು ಹಾಕಿದ ಹಾಗೆ, ಎಂದರು. ನಿಮ್ಮಲ್ಲಿ ಎರಡು ವರ್ಷ ಯಾರೋ ಹಾಕಿದ್ದಾರೆ, ಯಾರದು ಎಂದು ಕೇಳಿದರು. ನನ್ನ ಸೊಸೆ ಎಂದೆ. ‘ಮತ್ತೆ ಅವರನ್ನೇ ಕರೀರಲ್ಲ’ ಎಂದರು. ನಾನು ಶಾಯಿಯ ಮುಚ್ಚಳ ತಿರುಗಿಸುತ್ತಾ ಕೂತೆ.

ಅಂದಿನಿಂದ ಮಧ್ಯಾಹ್ನ ಆ ಗೋಣಿಚೀಲಗಳ ಮೇಲೆ ಒರಗಿದರೆ ಸಾಕು, ನನಗೆ ಕಣ್ಣು ಮುಚ್ಚುವ ಮೊದಲೇ ಕನಸು. ಗಾಜಿನ ಮನೆಯ ನೆಲದಡಿ ಆ ನೀಲಿ ಎಳೆಗಳು ಹರಡಿಕೊಳ್ಳುತ್ತಿವೆ. ಮೇಜಿನ ಕಾಲು ದಾಟಿ, ಹಿತ್ತಲ ಬಾಗಿಲು ದಾಟಿ, ನೀನು ಮಲಗುತ್ತಿದ್ದ ಕೋಣೆಯ ಕೆಳಗೆ ಹೋಗಿ ಏನನ್ನೋ ಹುಡುಕುತ್ತಿವೆ. ಒಂದು ಸಲ ಅದರಲ್ಲಿ ನಾನೇ ಒಂದು ಎಳೆಯಾಗಿದ್ದೆ. ಒಂದೇ ಒಂದು ಹನಿ ಹೊತ್ತುಕೊಂಡು ಕತ್ತಲಲ್ಲಿ ತಡಕಾಡುತ್ತಿದ್ದೆ, ಯಾರಿಗೆ ಕೊಡಬೇಕೋ ಮರೆತುಹೋಗಿತ್ತು. ಎಚ್ಚರವಾದಾಗ ಗುಬ್ಬಿ ತಲೆಯ ಹತ್ತಿರ ನಿಂತು, ನೀವು ನಿದ್ದೆಯಲ್ಲಿ ಅವಳ ಹೆಸರು ಕೂಗುತ್ತಿದ್ದಿರಿ ಎಂದಳು. ಸುಳ್ಳು ಹೇಳಬೇಡ, ಹೋಗಿ ಕುಂಡ ತೊಳಿ ಎಂದೆ.

ಹಾಗೆ ಒರಗಿದ್ದಾಗಲೇ ನನಗೆ ಒಂದು ವಿಷಯ ಹೊಳೆದದ್ದು. ಎರಡು ವರ್ಷ ನಾನು ಮಣ್ಣಿನ ಮೇಲೆ ಸೇಡು ತೀರಿಸಿಕೊಳ್ಳುತ್ತಿದ್ದೆ, ಅದು ನಿನಗೆ ಗೊತ್ತಿತ್ತು. ಈ ಪೆಟ್ಟಿಗೆಯಿಂದ ಸಸಿ ಹಾಳಾಗುತ್ತೆ ಅತ್ತೆ ಎಂದು ಮೊದಲ ದಿನವೇ ಹೇಳಬಹುದಿತ್ತು. ಹೇಳಿದ್ದರೆ ನನಗೆ ಹಿಡಿದುಕೊಂಡು ನಿಲ್ಲಲು ಏನೂ ಇರುತ್ತಿರಲಿಲ್ಲ ಎಂದು ನೀನು ಸುಮ್ಮನಿದ್ದೆ. ನಾನು ಮುಂದೆ ಮುಂದೆ ಕೊಲ್ಲುತ್ತಾ ಹೋದೆ, ನೀನು ಹಿಂದೆಯೇ ಕೂತು ಒಂದೊಂದು ಚಿಟಿಕೆ ಜೀವ ಹಾಕುತ್ತಾ ಬಂದೆ. ಮಗ ಹೋದದ್ದು ನನಗೊಬ್ಬಳಿಗೇ ಎಂಬ ಹಾಗೆ ಇದ್ದೆ ನಾನು. ಗಂಡ ಹೋದದ್ದು ನಿನಗೆ. ನಿನ್ನನ್ನು ಕೂರಿಸಿಕೊಂಡು ಒಂದು ದಿನವೂ ಅಳಲಿಲ್ಲ, ಅಳಲು ಬಿಡಲೂ ಇಲ್ಲ. ನನಗೆ ಇದಕ್ಕೆ ನಾಚಿಕೆಯಾಗುತ್ತದೆ.

ಬೇರಿನ ಮೇಡಂ ಎರಡನೆಯ ಸಲ ಬಂದಾಗ ಕೇಳಿದೆ. ನನ್ನ ಮಗನನ್ನು ಕೊಂದದ್ದೂ ಇದೇ ಮಣ್ಣು ಅಲ್ಲವೇ ಎಂದೆ. ಅವರು ಗಾಜಿನ ಪಟ್ಟಿಗಳನ್ನು ಒಂದೊಂದಾಗಿ ಒರೆಸಿ ಪೆಟ್ಟಿಗೆಗೆ ಹಾಕಿದರು. ‘ಎರಡೂ ಅದರಲ್ಲೇ ಇರ್ತವಮ್ಮ. ಅದಕ್ಕೆ ಇಂಜೆಕ್ಷನ್ ಇದೆ, ಇದಕ್ಕೆ ನಮ್ಮ ಕೈಯೇ ಬೇಕು’ ಎಂದರು. ಮಾರನೆಯ ದಿನವೇ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡೆ, ಗುಬ್ಬಿಗೂ ಹಾಕಿಸಿದೆ, ಅವಳು ಇಡೀ ಆಸ್ಪತ್ರೆಗೆ ಕೇಳುವ ಹಾಗೆ ಕಿರುಚಿದಳು. ಆಮೇಲೆ ಬಾಯ್ಲರ್ ಆರಿಸಿದೆ. ಪೆಟ್ಟಿಗೆಯ ತಳದಲ್ಲಿ ನಿನ್ನ ಡಬ್ಬಿ ಸಿಕ್ಕಿತು. ಹಂಸದ ಬಣ್ಣವೆಲ್ಲ ಹೋಗಿದೆ, ಕುತ್ತಿಗೆ ಮಾತ್ರ ಉಳಿದಿದೆ. ಅದನ್ನೇ ಒರೆಸಿ, ಐವತ್ತೆರಡು ಸಸಿಗಳ ಬುಡದಿಂದ ಒಂದಿಷ್ಟು ಮಣ್ಣು, ಒಂದಿಷ್ಟು ಎಳೆ ಬೇರು ತೆಗೆದು, ಕತ್ತರಿಸಿ, ಮರಳು ಬೆರೆಸಿ ತುಂಬಿದೆ. ಸೀಸದ ಕಡ್ಡಿಯಿಂದ ಪ್ರತಿ ಕುಂಡದಲ್ಲಿ ಮೂರು ತೂತು, ತೂತಿಗೊಂದು ಚಿಟಿಕೆ. ಕೈಗವಸು ಹಾಕಲಿಲ್ಲ. ಮೊದಲ ದಿನ ಹತ್ತು ಕುಂಡಕ್ಕೊಮ್ಮೆ ನಲ್ಲಿಗೆ ಓಡಿದೆ. ಮೂರನೆಯ ದಿನದ ಹೊತ್ತಿಗೆ ಮರೆತೇಹೋಯಿತು. ಉಗುರಿನ ಸಂದಿಯಲ್ಲಿ ಮಣ್ಣಿಟ್ಟುಕೊಂಡೇ ಊಟಕ್ಕೆ ಬಂದದ್ದನ್ನು ನೋಡಿ ಗುಬ್ಬಿ ತಟ್ಟೆ ಕೆಳಗೆ ಬೀಳಿಸಿದಳು.

ಮೇಡಂ ಹೇಳಿದಾಗಲೇ ನಿನಗೆ ಬರೆಯಬಹುದಿತ್ತು. ಗುಬ್ಬಿಯಂತೂ ದಿನವೂ ಜೀವ ತಿಂದಳು, ನಿನಗೆ ಏನನ್ನೂ ಹೇಳಕೂಡದೆಂದು ಅವಳ ಬಾಯಿಗೆ ಬೀಗ ಹಾಕುವಷ್ಟರಲ್ಲಿ ನನಗೆ ಸಾಕು ಸಾಕಾಯಿತು. ಆದರೆ ಆಗ ಬರೆದಿದ್ದರೆ ನೀನು ಏನೆಂದುಕೊಳ್ಳುತ್ತಿದ್ದೆ? ಸಸಿ ಹಾಳಾಗಿವೆ, ಮುದುಕಿಗೆ ನನ್ನ ಕೈ ಬೇಕಾಗಿದೆ, ಅದಕ್ಕೇ ಜ್ಞಾಪಕಕ್ಕೆ ಬಂದೆ ಎಂದುಕೊಳ್ಳುತ್ತಿದ್ದೆ. ಅದು ಸುಳ್ಳೂ ಆಗುತ್ತಿರಲಿಲ್ಲ. ಅದಕ್ಕೇ ಕಾದೆ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದೆ ಎನ್ನಬೇಕು. ಡಿಸೆಂಬರ್ ಪೂರ್ತಿ ಏನೂ ಇಲ್ಲ, ಜನವರಿಯ ಕೊನೆಗೆ ಎರಡನೆಯ ಸಾಲಿನ ತುದಿಯಲ್ಲಿ ಒಂದು ಹೊಸ ಚಿಗುರು, ಆಮೇಲೆ ಒಂದರ ಹಿಂದೆ ಒಂದು. ನಿನ್ನೆ ಬೆಳಿಗ್ಗೆ ಹನ್ನೆರಡನೆಯ ಸಾಲಿನ ಕೊನೆಯ ಕುಂಡವೂ ಹಸಿರು ಚಿಗುರು ಬಿಟ್ಟಿತು. ಈಗ ಸಸಿಗಳಿಗೆ ನಿನ್ನಿಂದ ಏನೂ ಆಗಬೇಕಾಗಿಲ್ಲ. ನೀನು ಇನ್ನು ಯಾವತ್ತೂ ಈ ಕಡೆ ತಲೆ ಹಾಕದಿದ್ದರೂ ಅವು ಬೆಳೆಯುತ್ತವೆ, ತೋಟಕ್ಕೆ ಹೋಗುತ್ತವೆ, ಕಾಯಿ ಬಿಡುತ್ತವೆ. ಇಷ್ಟಾದ ಮೇಲೆಯೇ ಈ ಪತ್ರಕ್ಕೆ ಕೂತಿದ್ದೇನೆ.

ಒಂದು ಕುಂಡಕ್ಕೆ ಮಾತ್ರ ಜೊತೆ ಹಾಕಿಲ್ಲ, ಆ ಚಕ್ಕೆ ಹಾರಿದ ಐವತ್ತಮೂರನೆಯದಕ್ಕೆ. ಹೋಲಿಸಿ ನೋಡಲು ಒಂದನ್ನು ಹಾಗೇ ಬಿಡಿ ಎಂದು ಮೇಡಂ ಹೇಳಿದ್ದರು, ಕೇಳಿದವರಿಗೆ ಅದನ್ನೇ ಹೇಳುತ್ತೇನೆ. ಅದು ಇನ್ನೂ ಗೇಣುದ್ದವಾಗಿಲ್ಲ, ಸತ್ತೂ ಇಲ್ಲ. ಮೇಜಿನ ಮೇಲೆ ನೀನು ಕೂರುತ್ತಿದ್ದ ಕಡೆ ಇಟ್ಟಿದ್ದೇನೆ, ಪಕ್ಕದಲ್ಲಿ ಡಬ್ಬಿ ಇದೆ. ದಿನವೂ ನೀರು ಹಾಕುತ್ತೇನೆ, ಅದಕ್ಕಿಂತ ಹೆಚ್ಚಿನದನ್ನು ಮಾಡಲು ನನಗೆ ಹಕ್ಕಿಲ್ಲ ಎನಿಸಿತು.

ಅಲ್ಲಿನ ನಿನ್ನ ಸ್ನೇಹಿತೆಯರಿಗೆ ನಾನು ಕೇಳಿದೆ ಎಂದು ಹೇಳು. ಗುಬ್ಬಿ ನಿನಗೆ ತನ್ನ ಪ್ರೀತಿ ತಿಳಿಸಲು ಹೇಳಿದ್ದಾಳೆ, ಜೊತೆಗೆ ನನ್ನ ಮೇಲೆ ಒಂದು ರಾಶಿ ದೂರುಗಳನ್ನು ಕೂಡ, ಅವನ್ನು ಅವಳೇ ಫೋನಿನಲ್ಲಿ ಹೇಳಲಿ. ಕತ್ತಿಗೆ ಬಟ್ಟೆ ಸುತ್ತಿಕೊಂಡು ಮಲಗು. ನೀನು ಎಲ್ಲಿದ್ದರೂ ನಿನ್ನ ಕೈ ತಾಗಿದ್ದು ಚಿಗುರಲಿ, ನಿನಗೆ ಒಳ್ಳೆಯದಾಗಲಿ.

ನಿನ್ನ ಅತ್ತೆ,
ಸೋಪಮ್ಮ

ವಿ.ಸೂ.: ಅಂಚೆಯವನ ಬೆಲ್ಲು ಗೇಟಿನಲ್ಲಿ ಕೇಳಿಸುತ್ತಿದೆ, ಗುಬ್ಬಿಗೆ ಅವನನ್ನು ಮಾತಿಗೆ ಹಿಡಿದಿಟ್ಟುಕೊ ಎಂದು ಹೇಳಿ ಕಳಿಸಿದ್ದೇನೆ. ಇದನ್ನು ಮೊದಲ ಸಾಲಿನಲ್ಲೇ ಬರೆಯಬೇಕಿತ್ತು, ಧೈರ್ಯ ಬರಲಿಲ್ಲ. ತಂತಿ ಗೀರಿದ ಸಂಜೆ ಅವನು ಮೊದಲು ಬಂದದ್ದು ನನ್ನ ಹತ್ತಿರ. ಅಂಗೈ ತೋರಿಸಿ, ಆಸ್ಪತ್ರೆಗೆ ಹೋಗಿ ಬರ್ತೀನಮ್ಮ ಎಂದ. ಸಸಿ ತುಂಬಲು ಲಾರಿ ಬಂದು ನಿಂತಿತ್ತು. ‘ಸೋಪು ಹಾಕಿ ತೊಳಿ, ಏನೂ ಆಗಲ್ಲ, ಲೋಡ್ ಮುಗಿಸಿ ಹೋಗು’ ಎಂದೆ. ಅವನು ಚೆನ್ನಾಗಿ ತೊಳೆದ. ಲೋಡ್ ಮುಗಿಯುವಾಗ ಕತ್ತಲಾಗಿತ್ತು, ಹೋಗಲಿಲ್ಲ. ನಿನ್ನ ಹೆಂಡತಿಗೆ ಹೇಳಬೇಡ, ಸುಮ್ಮನೆ ಗಾಬರಿಯಾಗ್ತಾಳೆ ಎಂದವಳೂ ನಾನೇ. ನಿನ್ನ ಕೈಯಿಂದ ಅವನು ಹೋಗಲಿಲ್ಲ ಮಗಳೇ. ಇದನ್ನು ಓದಿದ ಮೇಲೂ ಬರಬೇಕೆನಿಸಿದರೆ ಬಾ. ನಲ್ಲಿಗೆ ಕಟ್ಟಿದ್ದ ಸೋಪಿನ ದಾರ ಬಿಚ್ಚಿದ್ದೇನೆ. ಸೀದಾ ಒಳಗೆ ಬಾ, ಕೈ ತೊಳಿ ಎನ್ನುವುದಿಲ್ಲ.